ಫ್ರಾಂಕರ ರಾಜನ ನಡುಹಾಳೆ

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಲ್ಯಾಟಿನ್ ನನಗೆ ಉಪಯೋಗಕ್ಕೆ ಬಂದದ್ದು ಕುವೈತಿನಲ್ಲಿ, ಆಫೀಸ್ ಕೆಲಸ ಬಿಟ್ಟು ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಮನೆಯಲ್ಲಿದ್ದಾಗ. ಖೈತಾನಿನ ಫ್ಲ್ಯಾಟಿನಲ್ಲೇ ಕೂತು ವಿದೇಶದ ಒಂದು ಯೂನಿವರ್ಸಿಟಿಗೆ ಥೀಸಿಸ್ ಬರೆಯುತ್ತಿದ್ದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಯುರೋಪಿನಲ್ಲಿ ಫ್ರಾಂಕರ ರಾಜನೊಬ್ಬ ಹೊರಡಿಸಿದ ಕಟ್ಟಳೆಗಳು ನನ್ನ ವಿಷಯ. ರಾಜನ ಮೂಲಪ್ರತಿ ಉಳಿದಿಲ್ಲ. ಉಳಿದದ್ದು ಮಠಗಳಲ್ಲಿ ಸನ್ಯಾಸಿಗಳು ಚರ್ಮದ ಹಾಳೆಯ ಮೇಲೆ ನಕಲು ಮಾಡಿದ ಎರಡೇ ಪ್ರತಿ. ಅವುಗಳ ಫೋಟೋಗಳು ಸಿಡಿಯಲ್ಲಿ ನನ್ನ ಬಳಿ ಇದ್ದವು.

ಎರಡನೆಯ ಪ್ರತಿಯಲ್ಲಿ ಸೇತುವೆ ಸುಂಕದ ನಿಯಮ ಅರ್ಧ ವಾಕ್ಯಕ್ಕೇ ನಿಂತು, ಕುದುರೆ ಕಳ್ಳರ ಶಿಕ್ಷೆ ಶುರುವಾಗುತ್ತಿತ್ತು. ಆದರೂ ಅದು ಮೊದಲನೆಯದರ ನಕಲೇ ಎಂಬುದು ನನ್ನ ವಾದ. ನನ್ನ ಗೈಡ್ ಒಪ್ಪಲಿಲ್ಲ. “ಮೊದಲನೆಯದರಲ್ಲಿ ಎಲ್ಲ ಕ್ರಮವಾಗಿದೆಯಲ್ಲ. ಪ್ರೂಫ್ ಕೊಡಿ, ಇಲ್ಲವೇ ಆ ಅಧ್ಯಾಯ ಕೈಬಿಡಿ,” ಎಂದು ಇಮೇಲ್ ಮಾಡಿದರು. ಆ ಅಧ್ಯಾಯ ಬಿಟ್ಟರೆ ಥೀಸಿಸ್ಸೇ ಇಲ್ಲ.

ಆ ಶುಕ್ರವಾರ ಕನ್ನಡದವರ ನಾಟಕದ ರಿಹರ್ಸಲ್ ನಮ್ಮ ಹಾಲಿನಲ್ಲಿ. ದೊಡ್ಡ ಹಾಳೆಗಳ ಎರಡೂ ಬದಿಗೆ ಝೆರಾಕ್ಸ್ ಮಾಡಿ, ಒಂದರೊಳಗೊಂದು ಮಡಚಿದ ನಾಟಕದ ಪುಸ್ತಕ ಎಲ್ಲರ ಕೈಯಲ್ಲಿ. ಸ್ಟೇಪಲ್ ಕೂಡ ಹೊಡೆದಿರಲಿಲ್ಲ. ಅತ್ತೆಯ ಪಾರ್ಟು ಮಾಡುತ್ತಿದ್ದ ಕೆಳಗಿನ ಮನೆಯ ಉಡುಪಿಯವರು ಓದುತ್ತ ಓದುತ್ತ ತಡವರಿಸಿದರು.

“ಎಂತ ಬಾಯಮ್ಮ ಇದು? ನಾನು ಈಗಷ್ಟೆ ಸತ್ತದ್ದಲ್ವಾ? ಪುನಃ ಚಾ ಕೊಡ್ಲಿಕ್ಕೆ ಬರ್ಬೇಕಂತೆ,” ಎಂದು ನನ್ನನ್ನು ಕೇಳಿದರು.

“ಸತ್ರೂ ಬಿಡುವ ಅತ್ತೆಯಾ ನೀವು?” ಎಂದರು ಸೊಸೆಯ ಪಾರ್ಟಿನವರು.

ಉಡುಪಿಯವರ ಪುಸ್ತಕ ತೆಗೆದುಕೊಂಡು ನೋಡಿದೆ. ನಡುವಿನ ಹಾಳೆಯನ್ನು ಯಾರೋ ಒಳಹೊರಗಾಗಿ ಮಡಚಿದ್ದರು. ಅದರ ನಾಲ್ಕು ಪುಟಗಳಲ್ಲಿ ಕೊನೆಯ ಎರಡು ಮೊದಲು ಬಂದಿದ್ದವು. ಸರಿಯಾಗಿ ಮಡಚಿದೆ, ವಾಪಸ್ ಕೊಡಲು ಚಾಚಿದ ಕೈ ಅಲ್ಲೇ ನಿಂತಿತು. ಈಗ ಈ ಪುಸ್ತಕ ನೋಡಿದವರಿಗೆ ಯಾವ ತಪ್ಪೂ ಕಾಣದು. ಆದರೆ ಸರಿ ಮಾಡುವ ಮೊದಲೇ ಯಾರಾದರೂ ಇದನ್ನು ನಕಲು ಮಾಡಿಕೊಂಡಿದ್ದರೆ?

“ಯಲ್ಲಾ, ನೀವು ಮುಂದುವರಿಸಿ,” ಎಂದು ಅರಬ್ಬರ ಹಾಗೆ ಅವಸರಪಡಿಸಿ ಒಳಗೆ ಹೋಗಿ ಕಂಪ್ಯೂಟರ್ ಆನ್ ಮಾಡಿದೆ. ಎರಡನೆಯ ಪ್ರತಿಯಲ್ಲಿ ಮಾತು ತುಂಡಾಗುವುದು ಮೂರು ಕಡೆ. ಅದೇ ಮಾತುಗಳನ್ನು ಮೊದಲ ಪ್ರತಿಯಲ್ಲಿ ಹುಡುಕಿದೆ. ಮೂರೂ ಸರಿಯಾಗಿ ಪುಟ ಮುಗಿಯುವಲ್ಲೇ ಇದ್ದವು: ನಡುವಿನ ಹಾಳೆಗೆ ಮುಂಚೆ, ಅದರ ಅರ್ಧದಲ್ಲಿ, ಅದರ ಕೊನೆಯಲ್ಲಿ. ಎರಡನೆಯ ಪ್ರತಿ ಬರೆದ ಪಾಪದ ಸನ್ಯಾಸಿ, ಎದುರಿಗಿದ್ದದ್ದನ್ನು ಇದ್ದ ಹಾಗೇ ಬರೆದಿದ್ದ. ಹಾಳೆಯನ್ನು ಸರಿ ಮಡಚಿ ಹೊಲಿದವರು ಅವನ ನಂತರ ಬಂದವರು.

ಹಾಲಿನಲ್ಲಿ ಅತ್ತೆ ಈಗ ಕ್ರಮವಾಗಿ ಸಾಯುತ್ತಿದ್ದರು, ಉಳಿದವರು ನಗುತ್ತಿದ್ದರು. ಆ ನಗು ಈಗಲೂ ಕಿವಿಯಲ್ಲಿದೆ. ನಾನು ಮೂರೂ ಪುಟಗಳ ಫೋಟೋ ಜೋಡಿಸಿ ಗೈಡ್‌ಗೆ ಕಳಿಸಿದೆ.

ಉತ್ತರ ಚಿಕ್ಕದು. “ಒಪ್ಪಿದೆ. ಅಧ್ಯಾಯ ಉಳಿಯಲಿ. ನಾನು ಈವರೆಗೆ ಪಾಠ ಮಾಡಿದ್ದನ್ನೇ ತಿದ್ದಿಕೊಳ್ಳಬೇಕು.” ಅದರ ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಈ ವಯಸ್ಸಿಗೆ ಇಷ್ಟು ಜಂಬ ಯಾಕೆ ಎಂದು ಅನ್ನಿಸಿತು. ಆದರೂ ತೆಗೆಯಲಿಲ್ಲ.