ಭತ್ತದ ಕಣದಲ್ಲಿ ಹಿಪ್‌ಹಾಪ್

ಮೊನ್ನೆ ನಾನು ಸಿಂಧನೂರಿನ ರೈಸ್ ಮಿಲ್ಲೊಂದರ ಕಣದಲ್ಲಿ ಬೆನ್ನ ಮೇಲೆ ಬುಗುರಿಯಂತೆ ತಿರುಗಿದೆ. (ತಿರುಗಲು ಹೋದೆ. ಅರ್ಧ ಸುತ್ತಿಗೇ ಬುಗುರಿ ನಿಂತಿತು.)

ಕಾರಣ ನಮ್ಮ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ನನ್ನ ಹಿಪ್‌ಹಾಪ್ ಕುಣಿತಕ್ಕೂ ಐದು ನಿಮಿಷ ಕೊಡಿ ಅಂತ ಕೇಳಿದ್ದೆ. ಗೆಳೆಯನ ಮನೆಯ ವಿಸಿಆರ್ ನೋಡಿ ಕಲಿತವನು ನಾನು. ಟೇಪು ಸಿಕ್ಕಿಕೊಂಡು ಚಿತ್ರ ನಡುಗಿದ ಜಾಗವನ್ನೂ ಸ್ಟೆಪ್ ಅಂದುಕೊಂಡು ಕಲಿತಿದ್ದೇನೆ.

ಉಸ್ತುವಾರಿ ಕನ್ನಡದ ಸರ್ ಅವರದು. “ಕೋಲಾಟಕ್ಕ ಕೊಡ್ತೀನಿ, ಡೊಳ್ಳಿಗೆ ಕೊಡ್ತೀನಿ. ಇದು ಸಂಸ್ಕೃತಿ ಹೆಂಗಾಗ್ತೈತಿ? ಮಂದಿ ಬದುಕಿನಾಗಿಂದ ಹುಟ್ಟಿದ್ದಿರಬೇಕಪಾ” ಅಂದರು.

“ಪರದೇಶದ ಓಣಿ ಹುಡುಗ್ರ ಬದುಕಿನಾಗಿಂದನ ಹುಟ್ಟೈತ್ರೀ ಸರ್.”

“ಅಲ್ಲಿ ಹುಟ್ಟೈತಿ. ನಿನ್ನಾಗ ಎಲ್ಲಿ ಹುಟ್ಟೈತಿ? ತೋರಿಸು, ಕೊಡ್ತೀನಿ.”

ತೋರಿಸಲು ನುಣುಪು ನೆಲ ಬೇಕಲ್ಲ? ನನಗೆ ಗೊತ್ತಿದ್ದದ್ದು ಮಿಲ್ಲಿನವರು ಭತ್ತ ಒಣಗಿಸುವ ಸಿಮೆಂಟ್ ಕಣ. ಸರ್ ಸೈಕಲ್ ಮೇಲೆ ಬಂದರು. ಕಣದ ತುಂಬ ಭತ್ತ. ಹೆಣ್ಣಾಳುಗಳು ಸಾಲಾಗಿ ಪಾದ ಎಳೆಯುತ್ತ, ಕಾಲಲ್ಲೇ ಭತ್ತ ಮಗುಚುತ್ತಿದ್ದರು. ನಾನು ಲಿಂಗಸುಗೂರಿನ ಬಟ್ಟೆ ಅಂಗಡಿಯವರ ಮಗ. ಭತ್ತದ ಪರಿಚಯ ಅದು ಅನ್ನವಾದ ಮೇಲಿನದು. ಜಾರುತ್ತದೆ, ಒಳ್ಳೆಯದೇ ಆಯಿತು ಅಂದುಕೊಂಡು ಭತ್ತದ ಮೇಲೇ ಬೆನ್ನು ಹಚ್ಚಿದೆ.

“ತಮ್ಮಾ, ಅದರಾಗ ಮಲಗಬ್ಯಾಡೋ” ಅಂದಳು ಸಾಲಿನ ಮುಂದಿದ್ದ ಹುಲಿಗೆಮ್ಮ.

“ಮಲಗಾಕತ್ತಿಲ್ಲ ಯಕ್ಕಾ, ಕುಣಿಯಾಕತ್ತೀನಿ.”

“ಹೌದೇನು? ನಮಗ ಹಂಗ ಕಾಣ್ಲಿಲ್ಲಪಾ.”

ಅಂಗಿಯೊಳಗೆ ಅರ್ಧ ಸೇರು ಭತ್ತ ಹೊಕ್ಕಿತ್ತು. ಎದ್ದು ನಿಂತ ಕೂಡಲೇ ಮೈಯೆಲ್ಲ ತುರಿಕೆ. ಒಂದು ಭುಜ ಮೇಲೆ, ಸೊಂಟ ಹೊರಗೆ, ಮೊಣಕಾಲು ಇನ್ಯಾವ ಕಡೆಗೋ. ಕೈಗೆಟುಕದ ಜಾಗವನ್ನು ಮಿಲ್ಲಿನ ಕಂಬಕ್ಕೆ ಉಜ್ಜಿದೆ. ಹೆಣ್ಣಾಳುಗಳು ಕೆಲಸ ಬಿಟ್ಟು ನಕ್ಕರು. ಹುಲಿಗೆಮ್ಮ ಚಪ್ಪಾಳೆ ತಟ್ಟಿ ತಾಳ ಹಾಕಿದಳು. ಆ ತಾಳಕ್ಕೆ ಸರಿಯಾಗಿ ನಾನು ಕೆರೆದುಕೊಳ್ಳುತ್ತಿದ್ದೆ ಅಂತ ನನಗೆ ಗೊತ್ತಾದದ್ದು ಆಮೇಲೆ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ಮೊದಲ ಮಾಡಿದ್ದು ಬಿಡು, ಅದು ಟೀವಿದು. ಇದು ನಿಂದು. ಇದಕ್ಕ ಐದು ನಿಮಿಷ ಕೊಟ್ಟೀನಿ.”

ಈಗಿನ ಸಮಸ್ಯೆ ಬೇರೆ. ಭತ್ತವಿಲ್ಲದೆ ಆ ಸ್ಟೆಪ್ ಬರುತ್ತಿಲ್ಲ. ಕನ್ನಡಿ ಮುಂದೆ ನಿಂತರೆ ವಿಸಿಆರ್‌ನ ಹುಡುಗನೇ ಕಾಣುತ್ತಾನೆ, ಅದೂ ಟೇಪು ಸಿಕ್ಕಿಕೊಂಡವನು.

ಹಿಪ್‌ಹಾಪ್ ಸಂಸ್ಕೃತಿಯೋ ಅಲ್ಲವೋ, ದೊಡ್ಡವರು ತೀರ್ಮಾನಿಸಲಿ. ಆದರೆ ಅದನ್ನು ಮೊಟ್ಟಮೊದಲು ಕುಣಿದ ಆ ಓಣಿಯ ಹುಡುಗನ ಅಂಗಿಯೊಳಗೆ ಏನು ಹೊಕ್ಕಿತ್ತು ಅಂತ ನಮ್ಮಲ್ಲಿ ಯಾರಾದರೂ ಕೇಳಿದ್ದೇವಾ?