ಜನವರಿ ಒಂದರ ಪಾಠಗಳು

ಮಾಸ್ತರೇ, ನೀವು ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಡಲೇ ಇಲ್ಲ ಎಂಬ ವರದಿ ಸುಳ್ಳಾಗಿತ್ತು. ಅದನ್ನು ಸಭೆಯಲ್ಲಿ ಓದಿದವಳು ನಾನು. ಅಲ್ಲಿ ನಿಮ್ಮನ್ನು ಬಿಟ್ಟರೆ ಅದು ಸುಳ್ಳೆಂದು ಗೊತ್ತಿದ್ದವಳೂ ನಾನೊಬ್ಬಳೇ.

ಆರು ವರ್ಷವಾಯಿತು. ನೀವೀಗ ನಿವೃತ್ತರಾಗಿ ಕಾಳಗಿಯಲ್ಲಿದ್ದೀರಂತೆ. ಸೇಡಂನಿಂದ ಬಂದ ಸಾಫ್ಟ್‌ವೇರ್ ಹುಡುಗಿ ಎಂದಷ್ಟೇ ನನ್ನನ್ನು ಬಲ್ಲಿರಿ. ಅದಕ್ಕೂ ಮುಂಚೆ ನಾನು ಶಹಾಬಾದಿನಲ್ಲಿ ನಿಮ್ಮ ಐದನೆಯ ತರಗತಿಯ ಹುಡುಗಿ—ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುತ್ತಿದ್ದ ಮಾಣಿಕಪ್ಪನ ಮಗಳು ಶಾಂತಾ.

ಒಂದು ದಿನ ಭಿನ್ನರಾಶಿಯ ಲೆಕ್ಕಗಳನ್ನೆಲ್ಲ ಸರಿ ಮಾಡಿಬಿಟ್ಟೆ. ಯಾರದು ನೋಡಿ ಬರೆದೆ ಎಂದಿರಿ. ಯಾರದೂ ಇಲ್ಲ ಎಂದೆ. ಅಪ್ಪನನ್ನು ಕರೆಸಿದಿರಿ. ಅವನು ಕಲ್ಲಿನ ಧೂಳು ಮೆತ್ತಿದ ಅಂಗಿಯಲ್ಲೇ ಓಡಿಬಂದು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲಿ ನಿಂತ. ಇಡೀ ತರಗತಿಗೆ ಕೇಳುವಂತೆ ಅಂದಿರಿ:

"ಕಲ್ಲ ತಿಕ್ಕೋರ ಮನ್ಯಾಗ ಇಂಥಾ ಶಾಣ್ಯಾ ಪೋರಿ ಎಲ್ಲಿಂದ ಬರ್ತಾಳೋ ಮಾಣಿಕ್ಯಾ? ನೋಡಿ ಬರದಾಳ, ಒಪ್ಗೋ ಅನ್ನು."

ಅಪ್ಪನೇ ಒಪ್ಪಿಕೊಂಡ. ಕೈ ಮುಗಿದು, ತಪ್ಪಾತ್ರಿ ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವನು ನನ್ನನ್ನು ನಂಬಿದ್ದನೋ ಇಲ್ಲವೋ—ಅವನು ಸಾಯುವವರೆಗೂ ಕೇಳುವ ಧೈರ್ಯ ನನಗೆ ಬರಲಿಲ್ಲ. ಅಜ್ಜಿ ನಾಳಿನ ಹೆಪ್ಪಿಗೆಂದು ದಿನಾ ಒಂದು ಚಮಚ ಮೊಸರು ಉಳಿಸುತ್ತಿದ್ದಳು. ನಾನು ಆ ಸಿಟ್ಟನ್ನು ಹಾಗೆ ಉಳಿಸಿಕೊಂಡೆ. ಒಂದು ದಿನವೂ ತೀರಗೊಡಲಿಲ್ಲ.

ಮುಂದೆ ಸಂಸ್ಥೆಯೊಂದು ನಮ್ಮ ಕಡೆಯ ಶಾಲೆಗಳಿಗೆ ಮಕ್ಕಳ ಅಗ್ಗದ ಲ್ಯಾಪ್‌ಟಾಪ್ ಹಂಚಿತಲ್ಲ—ಅದರೊಳಗಿನ ಪಾಠಗಳನ್ನು ಸೇಡಂನಲ್ಲಿ ಕೂತು ಮಾಡಿದವರು ನಾವು ಮೂವರು. ಯಾವ ಶಾಲೆಯಲ್ಲಿ, ಯಾವ ದಿನ, ಎಷ್ಟು ಪಾಠ ತೆರೆದರು ಎಂದು ತಾನೇ ಬರೆದಿಟ್ಟುಕೊಳ್ಳುವ ಭಾಗ ನನ್ನ ಕೆಲಸ. ಪಟ್ಟಿಯಲ್ಲಿ ಗುಂಡಗುರ್ತಿ ಕಡೆಯ ಹಳ್ಳಿಯೊಂದರ ಮುಂದೆ ನಿಮ್ಮ ಹೆಸರು ಕಂಡೆ. ಕಾದೆ.

ವರ್ಷದ ಕೊನೆಗೆ ನಿಮ್ಮ ಶಾಲೆಯ ವರದಿ ಸೊನ್ನೆ ತೋರಿಸಿತು. ಕಾರಣ ಹುಡುಕಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿಮ್ಮಲ್ಲಿಗೆ ಬಂದ ಲ್ಯಾಪ್‌ಟಾಪುಗಳಲ್ಲಿ ಗಡಿಯಾರ ನಡೆಸುವ ಪುಟ್ಟ ಸೆಲ್ಲು ಸತ್ತಿತ್ತು. ಆರಿಸಿ ಮತ್ತೆ ಹಚ್ಚಿದಾಗಲೆಲ್ಲ ತಾರೀಖು ಎಂದೋ ಕಳೆದುಹೋದ ಒಂದು ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತಿತ್ತು. ಈ ವರ್ಷದ್ದಲ್ಲದ ತಾರೀಖನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಲೆಕ್ಕ ಬರೆಯುವ ಆ ಭಾಗಕ್ಕೆ ಕಲಿಸಿದವಳು ನಾನೇ. ನಿಮ್ಮ ಮಕ್ಕಳ ಇಡೀ ವರ್ಷದ ಓದು ಆ ಒಂದೇ ದಿನದ ಕೆಳಗೆ ರಾಶಿ ಬಿದ್ದಿತ್ತು.

ವರದಿಗೆಂದು ಸೇಡಂಗೆ ಬಂದಿದ್ದ ಅದರ ನಕಲನ್ನು ತೆರೆದು ನೋಡಿದೆ. ಗಟ್ಟಿಯಾಗಿ ಓದುವ ಪಾಠಗಳಲ್ಲಿ ಮಕ್ಕಳ ದನಿ ಉಳಿದಿರುತ್ತದೆ. ಒಬ್ಬಳು ಹುಡುಗಿ ಭಿನ್ನರಾಶಿಯ ಉತ್ತರಗಳನ್ನು ಓದುತ್ತಿದ್ದಳು. ಅವಳ ಹಿಂದಿನಿಂದ ನಿಮ್ಮ ದನಿ—

"ಎಲ್ಲಾ ಬರೋಬ್ಬರಿ ಅವ ನೋಡವ್ವ. ಯಾರ್ದು ನೋಡಿ ಬರದಿ ಅಂತ ನಾ ಕೇಳಂಗಿಲ್ಲ. ಹಿಂದ ಒಂದ್ ಪೋರಿಗಿ ಹಂಗ ಕೇಳಿ ಭಾಳ ತಪ್ಪ ಮಾಡೀನಿ."

ಇದನ್ನು ಕೇಳಿ ಕರಗಿದೆ ಎಂದು ಬರೆಯುವ ಆಸೆ ನನಗೂ ಇದೆ. ಕರಗಲಿಲ್ಲ. ಸಿಟ್ಟು ಇಮ್ಮಡಿಯಾಯಿತು. ಆ ಮಾತು ನನ್ನದು. ನನ್ನಪ್ಪನದು. ಅದನ್ನು ಯಾರದೋ ಮಗಳಿಗೆ ಕೊಟ್ಟು ನೀವು ಹಗುರಾಗಿಬಿಟ್ಟಿದ್ದಿರಿ—

ಚಿತ್ತಾಪುರದ ಸಭೆಯಲ್ಲಿ ನಾನು ಆ ಸೊನ್ನೆಯನ್ನು ಓದಿದೆ. ಯಾಕೆ ಹೀಗೆ ಎಂದು ಸಂಸ್ಥೆಯವರು ಕೇಳಿದಾಗ ನೀವು ಎದ್ದು ನಿಂತು, ದಿನಾ ಹಚ್ಚೀವ್ರಿ, ಹುಡುಗುರ್ನ ಕೇಳ್ರಿ ಎಂದಿರಿ. ಪಕ್ಕದ ಮಾಸ್ತರೊಬ್ಬರು, ಊದಿನಕಡ್ಡಿ ಹಚ್ಚಿರಬೇಕ್ರಿ ಎಂದು ಎಲ್ಲರನ್ನೂ ನಗಿಸಿದರು. ನಗು ನಿಂತ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

"ಮಷೀನಿಗಿ ಸುಳ್ಳ ಹೇಳ್ಲಿಕ್ಕಿ ಬರಲ್ರಿ," ಎಂದೆ.

ನೀವು ಕೈ ಮುಗಿದಿರಿ, ಅಪ್ಪನ ಹಾಗೆಯೇ. ಆ ಕೈಗಳನ್ನು ಕಣ್ತುಂಬ ನೋಡಿದೆ. ಸಿಹಿಯಾಗಿತ್ತು ಮಾಸ್ತರೇ. ಸಿಹಿಯಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಮರುವಾರ ಸಂಸ್ಥೆಯ ಜೀಪು ನಿಮ್ಮ ಶಾಲೆಯ ಲ್ಯಾಪ್‌ಟಾಪುಗಳನ್ನು ಚಿಂಚೋಳಿ ಕಡೆಯ ಶಾಲೆಗೆ ಒಯ್ದಿತು. ಪಟ್ಟಿ ಹಿಡಿದು ಒಂದೊಂದೇ ಇಸಿದುಕೊಂಡವಳು ನಾನು. ದನಿಯಿಂದಲೇ ಗುರುತು ಹಿಡಿದೆ—ಅದೇ ಹುಡುಗಿ ತನ್ನದನ್ನು ಲಂಗದ ಅಂಚಿನಿಂದ ಒರೆಸಿ ಮುಂದೆ ಚಾಚಿದಳು.

"ಅಕ್ಕೋರ, ನಾ ಎಲ್ಲಾ ಓದೀನ್ರಿ. ತಗದು ನೋಡ್ರಿ ಬೇಕಾದ್ರ."

ನೋಡಿದ್ದೆನಲ್ಲ! ಆದರೂ ಮುಚ್ಚಳ ತೆರೆದು, ಹುಡುಕಿದಂತೆ ಮಾಡಿ, ಇದರಾಗ ಏನೂ ಇಲ್ಲವ್ವ ಎಂದೆ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು. ಐದನೆಯ ತರಗತಿಯಲ್ಲಿ ನಾನು ನಿಮ್ಮನ್ನು ನೋಡಿದ ಹಾಗೆ—

ನಿಮ್ಮನ್ನು ನಾನಿನ್ನೂ ಕ್ಷಮಿಸಿಲ್ಲ, ಮಾಸ್ತರೇ. ಬಹುಶಃ ಕ್ಷಮಿಸುವುದೂ ಇಲ್ಲ. ಆದರೆ ನೀವು ತಿಳಿಯದೆ ಅಂದದ್ದನ್ನು ನಾನು ತಿಳಿದೇ ಅಂದೆ, ಅದೂ ನಿಮಗಲ್ಲ, ಆ ಮಗುವಿಗೆ.

ಈ ಸೋಮವಾರ ಸಂಸ್ಥೆಯವರಿಗೆ ಇದನ್ನೇ ಬರೆದು, ನನ್ನಲ್ಲೇ ಉಳಿದಿರುವ ಜನವರಿ ಒಂದರ ಪಾಠಗಳ ಸಮೇತ ಕೊಡುತ್ತೇನೆ. ಅಲ್ಲಿಂದ ನೇರ ಕಾಳಗಿಯ ಬಸ್ಸು ಹತ್ತುತ್ತೇನೆ. ನಾನು ಕೈ ಮುಗಿಯುವುದಿಲ್ಲ, ನೀವೂ ಮುಗಿಯಬೇಡಿ. ಆ ಹುಡುಗಿಯ ಮನೆಯೊಂದನ್ನು ತೋರಿಸಿ ಸಾಕು. ಅವಳ ಅಪ್ಪ ಮನೆಯಲ್ಲಿರುವ ಹೊತ್ತು ನೋಡಿ ಹೋಗಬೇಕು. ನಿಮ್ಮ ಮಗಳು ಎಲ್ಲವನ್ನೂ ಓದಿದ್ದಳು ಎಂದು ಅವನ ಎದುರಿಗೇ ಹೇಳಬೇಕು.