ಏಳು ತಲೆಯ ಮೃಗಕ್ಕೆ ನಾನು ಹಾಕಿದ ಲೆಕ್ಕ

2020ರ ವಸಂತದಲ್ಲಿ ಆಫೀಸುಗಳೂ ಚರ್ಚುಗಳೂ ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಬಾಗಿಲು ಹಾಕಿದವು. ನಾನು ವರ್ಜೀನಿಯಾದ ಆಲ್ಡಿ ಎಂಬ ಊರಿನ ನನ್ನ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಹತ್ತಿರದ ಶ್ಯಾಂಟಿಲಿಯ ಒಂದು ಕಂಪನಿಗೆ ರಸ್ತೆ ಸಿಗ್ನಲ್ಲುಗಳ ಡಿಸೈನ್ ಮಾಡುತ್ತಿದ್ದೆ. ರಸ್ತೆಯಲ್ಲಿ ಕಾರುಗಳೇ ಇರಲಿಲ್ಲ. ಯಾರಿಗಾಗಿ ಈ ಕೆಂಪು, ಹಸಿರು ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ನಮ್ಮದು ಗದಗ ಕಡೆಯ ಕ್ರೈಸ್ತ ಮನೆತನ. ಅಜ್ಜನ ಕಾಲದಿಂದಲೂ ಕನ್ನಡದಲ್ಲೇ ಹಾಡಿ, ಕನ್ನಡದಲ್ಲೇ ಪ್ರಾರ್ಥನೆ ಮಾಡಿದವರು. ಇಲ್ಲಿ ಕನ್ನಡ ಸಂಘದ ಊಟಗಳಲ್ಲಿ ನಾನು ಕ್ರೈಸ್ತ ಎಂದರೆ, "ಹೌದಾ? ಹಾಗಾದ್ರೆ ಮನೇಲಿ ಕೊಂಕಣಿ ಮಾತಾಡ್ತೀರಾ?" ಅಂತ ಕೇಳುತ್ತಾರೆ. ನಮ್ಮಂಥವರು ಇಲ್ಲಿ ಅಷ್ಟು ಕಡಿಮೆ. ಹಾಗಾಗಿ ಚರ್ಚು ಮುಚ್ಚಿದ ಮೇಲೆ ಕೊಲಂಬಿಯಾ, ಅಟ್ಲಾಂಟಾ, ಶಾರ್ಲಟ್‌ಗಳಲ್ಲಿ ಚದುರಿದ್ದ ಎಂಟು ಮನೆಗಳವರು ಸೇರಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಝೂಮ್‌ನಲ್ಲಿ ಸತ್ಯವೇದ, ಅಂದರೆ ಬೈಬಲ್, ಓದಲು ಶುರು ಮಾಡಿದೆವು. ನಾನು ಪಾದ್ರಿಯಲ್ಲ. ಆದರೆ ನನ್ನ ಧ್ವನಿ ಸ್ಪಷ್ಟವಾಗಿತ್ತು, ಪುರುಸೊತ್ತೂ ಇತ್ತು. ನಡೆಸುವ ಕೆಲಸ ನನ್ನ ಮೇಲೆ ಬಿತ್ತು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಶಾರ್ಲಟ್‌ನವರನ್ನು ನಾವೆಲ್ಲ ಆಂಟಿ ಅನ್ನುತ್ತಿದ್ದೆವು. ಆ ಬೇಸಿಗೆಯಲ್ಲಿ ಅವರ ಯಜಮಾನರು ಕೋವಿಡ್‌ನಿಂದ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಂಟಿ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಹದಿನೈದು ವರ್ಷ ಕನ್ನಡ ಕಲಿಸಿ, ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಗಂಡನ ಜೊತೆ ಇಲ್ಲಿಗೆ ಬಂದವರು. ಕೊನೆಯ ಒಂಬತ್ತು ದಿನ ಗಂಡನ ಕೈ ಮುಟ್ಟಲು ಅವರಿಗೆ ಆಗಲಿಲ್ಲ. ನರ್ಸ್ ಹಿಡಿದ ಫೋನಿನಲ್ಲಿ ಮುಖ ನೋಡಿದರು. ಅಂತ್ಯಕ್ರಿಯೆಯನ್ನು ನಾವೆಲ್ಲ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಮುಂದಿನ ಶನಿವಾರ ಆಂಟಿ ಎಂದಿನಂತೆ ಹತ್ತಕ್ಕೆ ಮೊದಲೇ ಬಂದು ಕೂತರು. ಕ್ಯಾಮೆರಾ ಮಾತ್ರ ಆಫ್ ಮಾಡಿದ್ದರು.

ಚಳಿಗಾಲ ಹತ್ತಿರವಾದಾಗ ಎಲ್ಲರೂ ಒಂದೇ ಮಾತು ಕೇಳತೊಡಗಿದರು: ಇದೇ ಕಡೇ ಕಾಲವಾ? ಸರಿ, ಬೈಬಲಿನ ಕೊನೆಯ ಪುಸ್ತಕವನ್ನೇ ಓದೋಣ ಅಂದೆ. ಏಳು ಮುದ್ರೆಗಳು, ಏಳು ತುತೂರಿಗಳು, ನಾಲ್ಕು ಬಣ್ಣದ ಕುದುರೆಗಳು, ಆಕಾಶದಲ್ಲಿ ಘಟಸರ್ಪ, ಸಮುದ್ರದಿಂದ ಏಳುವ ಏಳು ತಲೆಯ ಮೃಗ, ತನ್ನವರ ಕೈಗೋ ಹಣೆಗೋ ಹಾಕಿಸುವ ಮೃಗದ ಗುರುತು. ಊರಲ್ಲಿ ನಮ್ಮ ಸಭಾಪಾಲಕರು ಆ ಪುಟಗಳನ್ನು ಮೆಲ್ಲಗೆ ದಾಟಿಬಿಡುತ್ತಿದ್ದರು. ನಾನು ದಾಟಲಿಲ್ಲ. ನಾನು ಎಂಜಿನಿಯರು, ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಎಕ್ಸೆಲ್‌ನಲ್ಲಿ ಚಾರ್ಟ್ ಮಾಡಿದೆ. ಎಡಗಡೆ ಪುಸ್ತಕದ ಚಿಹ್ನೆಗಳು, ಬಲಗಡೆ ಪತ್ರಿಕೆಯ ಸುದ್ದಿಗಳು. ಕಪ್ಪು ಕುದುರೆಗೆ ಅಂಗಡಿಗಳ ಖಾಲಿ ಶೆಲ್ಫು. ಮಾಸಲು ಕುದುರೆಗೆ ರೋಗ. ಏಳು ತಲೆಗಳಿಗೆ ಏಳು ದೇಶ. ಯಾವುದಾದರೂ ಒಂದು ಹೊಂದದಿದ್ದರೆ ಇನ್ನೊಂದು ಸುದ್ದಿ ಹುಡುಕುತ್ತಿದ್ದೆ, ಸಿಗುತ್ತಿತ್ತು.

ತಾರೀಖು ಹೇಳಲಿಲ್ಲ, ಅಷ್ಟು ದಡ್ಡನಲ್ಲ. "ಸಮಯ ತುಂಬಾ ಹತ್ತಿರ ಇದೆ" ಅಂತ ಮಾತ್ರ ಹೇಳುತ್ತಿದ್ದೆ, ಸ್ವಲ್ಪ ಧ್ವನಿ ಇಳಿಸಿ. ಎಂಟು ಮನೆಗಳು ಇಪ್ಪತ್ತಾದವು. ಇಷ್ಟು ಜನ ನನ್ನ ಮಾತಿಗೆ ಹೀಗೆ ಕಿವಿಗೊಟ್ಟದ್ದು ನನ್ನ ಜೀವನದಲ್ಲೇ ಇರಲಿಲ್ಲ. ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

2021ರಲ್ಲಿ ಲಸಿಕೆ ಬಂತು. ಅಟ್ಲಾಂಟಾದ ಒಬ್ಬ ಹೆಣ್ಣುಮಗಳು ಕ್ಲಾಸಿನಲ್ಲಿ ನೇರವಾಗಿ ಕೇಳಿದಳು: "ಅಣ್ಣಾ, ಇದೇನಾ ಮೃಗದ ಗುರುತು? ನಾನು ತಗೊಳ್ಳಲಾ, ಬೇಡ್ವಾ?"

ನಾನು ಹಿಂದಿನ ವಾರವಷ್ಟೇ ಮೊದಲ ಡೋಸ್ ಹಾಕಿಸಿಕೊಂಡಿದ್ದೆ. ತೋಳು ಇನ್ನೂ ಸ್ವಲ್ಪ ನೋಯುತ್ತಿತ್ತು. "ಪ್ರಾರ್ಥನೆ ಮಾಡಿ, ನಿಮ್ಮ ಮನಸ್ಸಿಗೆ ಏನು ಬರುತ್ತೋ ಹಾಗೆ ಮಾಡಿ" ಅಂದೆ. ಅಲ್ಲ ಅಂತ ಒಂದು ಮಾತು ಹೇಳಿದ್ದರೆ ಚಾರ್ಟಿನ ಒಂದು ಸಾಲು ಬಿದ್ದುಹೋಗುತ್ತಿತ್ತು.

ಏಪ್ರಿಲ್‌ನಲ್ಲಿ ಶಾರ್ಲಟ್‌ನಿಂದ ಆಂಟಿಯ ಮಗಳು ಫೋನ್ ಮಾಡಿದಳು. ಅವಳ ಕನ್ನಡ ಅರ್ಧ ಇಂಗ್ಲಿಷು. "ಅಂಕಲ್, ಅಮ್ಮಂಗೆ ಎದೇಲಿ ಒಂದು ಲಂಪ್ ಇದೆ. ಡಾಕ್ಟರ್ ಬಯಾಪ್ಸಿಗೆ ಅಪಾಯಿಂಟ್‌ಮೆಂಟ್ ಕೊಟ್ಟಿದ್ರು. ಅಮ್ಮ ಎರಡು ಸಲ ಕ್ಯಾನ್ಸಲ್ ಮಾಡಿದ್ದಾರೆ."

"ಯಾವಾಗಿಂದ?"

"ಡಿಸೆಂಬರ್‌ನಿಂದ. ಕೇಳಿದ್ರೆ, ಇನ್ನೆಷ್ಟು ದಿನ ಇರ್ತೀವಿ, ಸಮಯ ಹತ್ತಿರ ಇದೆ ಅಂತಾರೆ." ಆಮೇಲೆ ಹೇಳಿದಳು, "ಅಂಕಲ್, ಅದು ನಿಮ್ಮ ಸೆಂಟೆನ್ಸ್."

ಆ ಶನಿವಾರ ಕ್ಲಾಸ್ ಇಲ್ಲ ಅಂತ ಮೆಸೇಜ್ ಹಾಕಿ, ಬೆಳಿಗ್ಗೆ ತಿಂಡಿ ಮುಗಿಸಿ ಕಾರು ಹತ್ತಿದೆ. ವರ್ಜೀನಿಯಾ ದಾಟಿದ ಮೇಲೆ ಹೆದ್ದಾರಿಯ ಬದಿಯಲ್ಲಿ ಎರಡು ಕಡೆ ದೊಡ್ಡ ಬೋರ್ಡು ಕಂಡಿತು, ಕರ್ತನು ಬರುತ್ತಿದ್ದಾನೆ, ನೀನು ತಯಾರಾ ಎಂದು. ಹಿಂದಿನ ಸಲ ಆ ದಾರಿಯಲ್ಲಿ ಹೋದಾಗ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದೆ. ಈ ಸಲ ಕಣ್ಣು ರಸ್ತೆಯ ಮೇಲಿಟ್ಟುಕೊಂಡೆ.

ಆಂಟಿ ಹಿಂದಿನ ಪೋರ್ಚಿನಲ್ಲಿ ಕುರ್ಚಿ ಹಾಕಿದರು. ರೊಟ್ಟಿ, ಜುಣಕ ತಂದಿಟ್ಟರು. ನಾನು ತಟ್ಟೆ ಮುಟ್ಟದೆ ಹೇಳಿಬಿಟ್ಟೆ: "ಆಂಟಿ, ನಾ ಹೇಳಿದ್ದು ತಪ್ಪು. ಸಮಯ ಹತ್ತಿರ ಐತೋ ದೂರ ಐತೋ ನನಗ ಗೊತ್ತಿಲ್ಲ. ಗೊತ್ತಿದ್ದಂಗ ಹೇಳಿದೆ. ನೀವು ದವಾಖಾನಿಗೆ ಹೋಗಬೇಕು."

ಅವರು ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತರು. "ನಿನ್ನ ಮಾತು ಕೇಳಿ ನಾ ಹೋಗೂದು ಬಿಟ್ಟೆ ಅಂತ ತಿಳದೀಯೇನು? ನೀ ಅಷ್ಟ ದೊಡ್ಡಾಂವ ಅಲ್ಲೋ ತಮ್ಮಾ."

ನಾನು ಕುರ್ಚಿಯನ್ನು ಅವರ ಕಡೆ ಎಳೆದುಕೊಂಡೆ.

"ಅವರು ಹೋದ ಮ್ಯಾಲ ನನಗ ಒಂದ ಮಾತು ಬೇಕಾಗಿತ್ತು," ಅಂದರು. "ಇನ್ನ ಭಾಳ ದಿನ ಇಲ್ಲ, ಲಗೂನ ಭೆಟ್ಟಿ ಆಗತೀರಿ ಅಂತ ಯಾರರೆ ಹೇಳಲಿ ಅಂತ ಕಾಯಾಕತ್ತಿದ್ದೆ. ನೀ ಚಾರ್ಟ್ ಹಾಕಿ ಹೇಳಿದಿ. ನಂಬೂದು ಸಲೀಸ ಆತು."

ಇಷ್ಟು ದಿನ ಕ್ಯಾಮೆರಾ ಆಫ್ ಆಗಿದ್ದ ಆ ಕಪ್ಪು ಚೌಕದ ಹಿಂದೆ ಒಬ್ಬರು ಕಾಯುತ್ತಾ ಕೂತಿದ್ದರು. ನಾನು ಅವರಿಗೆ ಕುದುರೆಗಳ ಬಣ್ಣ ವಿವರಿಸುತ್ತಿದ್ದೆ. ನಾಚಿಕೆಯಾಗಿ, ಮುಚ್ಚಿಟ್ಟಿದ್ದ ಇನ್ನೊಂದನ್ನೂ ಹೇಳಿದೆ. ಲಸಿಕೆ ಹಾಕಿಸಿಕೊಂಡಿದ್ದೆ, ಹೇಳಿರಲಿಲ್ಲ ಅಂತ.

"ಅದನ್ನ ಆ ಅಟ್ಲಾಂಟಾದ ಹುಡುಗಿಗೆ ಹೇಳು. ನನಗಲ್ಲ," ಅಂದರು. ಧ್ವನಿಯಲ್ಲಿ ಸಿಟ್ಟಿತ್ತು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಉಣ್ಣು."

ಊಟದ ನಡುವೆ ಅವರೇ ಮಾತು ತೆಗೆದರು. "ಖರೆ ಹೇಳ್ಲಾ? ನೀ ಪಾಠ ಮಾಡುವಾಗ ನನ್ನೊಳಗಿನ ಕನ್ನಡ ಟೀಚರ್ ಚಡಪಡಸ್ತಿದ್ಲು. ಹತ್ತನೇ ಕ್ಲಾಸಿಗೆ ನಾ ಬೆಡಗಿನ ವಚನ ಹೇಳಿಕೊಡ್ತಿದ್ದೆ. ಅದರಾಗೂ ಪ್ರಾಣಿ ಇರ್ತಾವು, ಆಗಲಾರದ್ದೆಲ್ಲ ಆಗತೈತಿ. ಒಬ್ಬ ಹುಡುಗರೆ, ಟೀಚರ್, ಈ ಪ್ರಾಣಿ ಯಾವ ದೇಶದ್ದು ಅಂತ ಕೇಳಲಿಲ್ಲ ನೋಡು."

ನನಗೆ ನಗು ಬಂತು. ಅವರು ನಗಲಿಲ್ಲ.

"ನೀ ಪಾಠ ಮಾಡಿದ ಆ ಕಡೀ ಪುಸ್ತಕ, ಗಡೀಪಾರಾಗಿ ದ್ವೀಪದಾಗ ಕುಂತಾಂವ ಏಳು ಸಣ್ಣ ಸಭೆಗಳಿಗೆ ಬರದ ಕಾಗದ ಅದು. ಅಂಜಿದ ಮಂದಿ. ಚಕ್ರವರ್ತಿಗೆ ಅಡ್ಡ ಬೀಳ್ರಿ, ಇಲ್ಲಂದ್ರ ಸಾಯ್ರಿ ಅನ್ನೋ ಕಾಲ. ರಾಜನ ಹೆಸರು ಬರದ್ರ ಓದಿದವರ ತಲಿ ಹೋಗತಿತ್ತು. ಮೃಗ ಅಂತ ಬರದ. ಓದಿದವರಿಗೆ ಗೊತ್ತಾತು. ನಮಗೊಂದು ಮೃಗ ಬಂದ್ರ ನಮಗೂ ಗೊತ್ತಾಗತೈತಿ, ಚಾರ್ಟ್ ಬೇಕಾಗಂಗಿಲ್ಲ."

"ಹಂಗಾದ್ರ ಕಡೇ ಕಾಲ ಅನ್ನೋದು ಬರೇ ರೂಪಕ ಏನು ಆಂಟಿ?"

"ಯಾಕ? ಕರ್ತ ಬರತಾನ ಅನ್ನೋದನ್ನ ನಾ ಬಿಡಂಗಿಲ್ಲ. ಆತ ಬರೂತನಕ ನಾ ಏನ ಮಾಡಬೇಕು ಅನ್ನೋದ ನನಗ ತಿಳೀದಂಗ ಆಗಿತ್ತು, ಅಷ್ಟ."

ಆಸ್ಪತ್ರೆಯ ವಿಷಯಕ್ಕೆ ಅವತ್ತು ಹೂಂ ಅನ್ನಲಿಲ್ಲ. ಮಗಳು ಅತ್ತಳು, ಆಗಲೂ ಅನ್ನಲಿಲ್ಲ. ಭಾನುವಾರ ಇಡೀ ಹಿತ್ತಿಲಿನಲ್ಲಿ ಮೆಂತ್ಯದ ಮಡಿ ಮಾಡಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ನಾನು ಹೊರಡಲು ಬ್ಯಾಗು ತೆಗೆದುಕೊಂಡಾಗ ಸೀರೆ ಉಟ್ಟು, ಸ್ವೆಟರ್ ಹಾಕಿಕೊಂಡು, ಪರ್ಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬಂದೀಯಲ್ಲ, ದವಾಖಾನಿತನಕ ಬಿಡು. ಮಗಳು ಡ್ರೈವ್ ಮಾಡಿದ್ರ ನನಗ ಹೆದರಿಕಿ ಬರತೈತಿ."

ಗಡ್ಡೆ ಕ್ಯಾನ್ಸರ್ ಆಗಿತ್ತು. ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಡಿಸೆಂಬರ್‌ನಲ್ಲೇ ಬಂದಿದ್ದರೆ ಬಹುಶಃ ಕೀಮೋ ಬೇಕಾಗುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರಂತೆ. ಮಗಳು ನನಗೆ ಅದನ್ನು ಮೆತ್ತಗೇ ಹೇಳಿದಳು. ಆರು ಸುತ್ತು ಕೀಮೋ ನಡೆಯಿತು. ಮೂರು ಸಲ ನಾನು ಹೋಗಿ ಪಕ್ಕದಲ್ಲಿ ಕೂತಿದ್ದೆ. ಬಾಯಿಗೆ ಏನೂ ಸೇರದೆ ಅವರು ಗೋಡೆ ಕಡೆ ತಿರುಗಿ ಮಲಗಿದ್ದಾಗ, ಪುಸ್ತಕದ ಯಾವ ಪುಟವನ್ನೂ ನೆನೆಸಿಕೊಳ್ಳಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಗುಂಪಿಗೂ ನಿಜ ಹೇಳಿದೆ. ಒಂದು ಶನಿವಾರ ಕ್ಯಾಮೆರಾ ಮುಂದೆ ಕೂತು, ಚಾರ್ಟ್ ನನ್ನ ಊಹೆ, ಲಸಿಕೆ ನಾನೇ ಹಾಕಿಸಿಕೊಂಡಿದ್ದೇನೆ, ಕ್ಷಮಿಸಿ ಅಂದೆ. ಅಟ್ಲಾಂಟಾದ ಹೆಣ್ಣುಮಗಳು, "ನಾನು ನಾಲ್ಕು ತಿಂಗಳು ಭಯದಲ್ಲಿ ನಿದ್ದೆಗೆಟ್ಟೆ, ಅಣ್ಣಾ" ಅಂತ ಹೇಳಿ ಕಾಲ್ ಕಟ್ ಮಾಡಿದಳು. ಮತ್ತೆ ಬರಲಿಲ್ಲ. ಎರಡು ಪತ್ರ ಬರೆದೆ, ಉತ್ತರ ಬಂದಿಲ್ಲ. ಇನ್ನು ಕೆಲವರು ಚಾರ್ಟ್ ಮಾಡುವ ಬೇರೊಬ್ಬರನ್ನು ಹುಡುಕಿಕೊಂಡು ಹೋದರು. ಇಪ್ಪತ್ತು ಮನೆ ಏಳಾದವು.

ಮರುವರ್ಷ, ತಲೆಯಲ್ಲಿ ಗಿಡ್ಡ ಬಿಳಿ ಕೂದಲು ಮೊಳೆತ ಆಂಟಿ ಕ್ಲಾಸ್ ತಗೊಂಡರು. ಕ್ಯಾಮೆರಾ ಆನ್. ಪುಸ್ತಕವನ್ನು ಮೊದಲಿನಿಂದ, ಕಾಗದ ಓದುವ ಹಾಗೆ ಓದಿಸಿದರು. ಅರ್ಥವಾಗದ್ದಕ್ಕೆ "ನನಗೂ ತಿಳೀಲಿಲ್ಲ, ಮುಂದ ನಡೀರಿ" ಅನ್ನುತ್ತಿದ್ದರು. ನಾನು ನೋಟ್‌ಬುಕ್ ಇಟ್ಟುಕೊಂಡು ಕೇಳುತ್ತಿದ್ದೆ.

ಕೊನೆಯ ಅಧ್ಯಾಯಗಳಿಗೆ ಬಂದಾಗ, ದೇವರು ತಾನೇ ಜನರ ಕಣ್ಣೀರು ಒರೆಸುವ ಜಾಗದಲ್ಲಿ ಅವರ ಓದು ನಿಂತಿತು. ಕನ್ನಡಕ ತೆಗೆದರು. "ನೀ ಓದಪಾ," ಅಂದರು ನನಗೆ.

ನಾನು ಓದಿದೆ. ಸಾವು ಇನ್ನಿರುವುದಿಲ್ಲ ಎನ್ನುವ ತನಕ ಓದಿ, ವಿವರಣೆ ಕೊಡದೆ ನಿಲ್ಲಿಸಿದೆ. ಕೊಲಂಬಿಯಾದವರು ಮ್ಯೂಟ್ ಮಾಡಲು ಮರೆತಿದ್ದರು. ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಆಂಟಿ ಕನ್ನಡಕ ಹಾಕಿಕೊಂಡು, "ಅನ್ನಕ್ಕ ಇಟ್ಟೀರೇನು? ಎರಡ ಸೀಟಿ ಸಾಕ್ರಿ," ಅಂದರು.